ಸಿಲ್ವಿಯಾ ಎಂಬ ಕ್ಷುದ್ರಗ್ರಹ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಗೋಡೆಗಂಟಿದ ಮಸಿಯನ್ನು ನೋಡಿದವರಿಗೆ ಇಂಗಾಲದ ಕಪ್ಪು ಪರಿಚಿತವೇ ಸರಿ. ಅಂತಹುದೇ ಕಪ್ಪಾದ ಕಾಯವೊಂದು ಮಂಗಳ ಮತ್ತು ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹ ಪಟ್ಟಿಯ ಹೊರ ಅಂಚಿನಲ್ಲಿ ಸೂರ್ಯನನ್ನು ಸುತ್ತುತ್ತಿದೆ. ಅದೇ ಸಿಲ್ವಿಯಾ.

ಸಿಲ್ವಿಯಾದ ಸರಾಸರಿ ವ್ಯಾಸ ಸುಮಾರು 270 ಕಿಲೋಮೀಟರು. ಬೆಂಗಳೂರಿನಿಂದ ಹರಿಹರಕ್ಕಿರುವ ರಸ್ತೆಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಸೂರ್ಯನನ್ನು ಒಮ್ಮೆ ಸುತ್ತಿಬರಲು ಅದಕ್ಕೆ ಆರೂವರೆ ವರ್ಷ ಬೇಕು. ಅದರಲ್ಲಿ ಇಂಗಾಲಾಂಶವು ಹೇರಳವಾಗಿದೆಯೆಂದು ವಿಜ್ಞಾನಿಗಳು ಭಾವಿಸುತ್ತಾರೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲನ್ನು ಮಾತ್ರ ಅದು ಹಿಂದಿರುಗಿಸುತ್ತದೆ.

ಇಂತಹ ಮಂಕಾದ ಕಾಯವು ಮೊದಲು ಮಾನವನ ಕಣ್ಣಿಗೆ ಬಿದ್ದದ್ದು ದಕ್ಷಿಣ ಭಾರತದಲ್ಲಿಯೇ. 1866ರ ಮೇ 16ರಂದು ಮದರಾಸಿನ ವೀಕ್ಷಣಾಲಯದಲ್ಲಿ ನಾರ್ಮನ್ ಪೋಗ್ಸನ್ ಅದನ್ನು ಗುರುತಿಸಿದರು. ಕ್ಷುದ್ರಗ್ರಹಗಳನ್ನು ಛಾಯಾಚಿತ್ರದಲ್ಲಿ ಹುಡುಕುವ ಕ್ರಮ ಆಗ ಇನ್ನೂ ಬಂದಿರಲಿಲ್ಲ. ನಿಂತಲ್ಲಿಯೇ ನಿಂತ ನಕ್ಷತ್ರಗಳ ನಡುವೆ ದಿನದಿನಕ್ಕೂ ಸ್ಥಾನ ಬದಲಿಸುವ ಚುಕ್ಕೆಯನ್ನು ದೂರದರ್ಶಕದ ಮುಂದೆ ಕುಳಿತು ತಾಳ್ಮೆಯಿಂದ ಅರಸಬೇಕಾಗಿತ್ತು.

2001 ಮತ್ತು 2004ರಲ್ಲಿ ತೆಗೆದ ಚಿತ್ರಗಳಿಂದ ಸಿಲ್ವಿಯಾಕ್ಕೆ ಎರಡು ಉಪಗ್ರಹಗಳಿರುವುದು ತಿಳಿದುಬಂದಿತು. ಚಿಕ್ಕದಾದ ರೆಮಸ್ ದಾವಣಗೆರೆ ಮತ್ತು ಹರಿಹರಗಳ ನಡುವಣ ಅಂತರದಲ್ಲಿಯೇ ಅಡಗಬಲ್ಲುದು.

ಸುಮಾರು 450 ಕೋಟಿ ವರ್ಷಗಳ ಹಿಂದೆ ಸೌರವ್ಯೂಹವು ರೂಪುಗೊಂಡಾಗ ಉಳಿದ ದ್ರವ್ಯವು ಇಂತಹ ಕಾಯಗಳಲ್ಲಿದೆ. ಒಲೆಯ ಇದ್ದಿಲಿನಲ್ಲಿಯೂ ನಮ್ಮ ದೇಹದಲ್ಲಿಯೂ ಇರುವ ಇಂಗಾಲದ ಪೂರ್ವಕಥೆಯನ್ನು ಅರಿಯಬೇಕಾದರೆ ಆ ಕಪ್ಪು ಕಾಯಗಳನ್ನೇ ಕೇಳಬೇಕು.