ಅರ್ಥವುಳ್ಳ ‘ಡೂ’, ಅರ್ಥವಿಲ್ಲದ ‘ಡೂ’

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಕ್ರಿಯಾಪದಗಳಲ್ಲಿ ‘ಡೂ’ ಒಂದು. ಅದರ ಅರ್ಥ ‘ಮಾಡು’ ಎಂದು ಶಾಲೆಯ ಮೊದಲ ಪಾಠಗಳಲ್ಲೇ ಹೇಳಿಕೊಡಲಾಗುತ್ತದೆಯಾದರೂ, ಆ ಪದ ಬರುವ ಅನೇಕ ವಾಕ್ಯಗಳಲ್ಲಿ ಆ ಅರ್ಥದ ಸುಳಿವೂ ಇರುವುದಿಲ್ಲ. ‘ಡೂ ಯೂ ನೋ ಕನ್ನಡ?’ ಎಂಬ ಪ್ರಶ್ನೆ ಕನ್ನಡ ಗೊತ್ತೇ ಎಂದಷ್ಟೇ ಕೇಳುತ್ತದೆ. ಅಲ್ಲಿ ಯಾರೂ ಏನನ್ನೂ ಮಾಡುತ್ತಿಲ್ಲ. ಒಂದೇ ರೂಪದೊಳಗೆ ಅರ್ಥವುಳ್ಳ ಪ್ರಧಾನ ಕ್ರಿಯಾಪದವೂ ಅರ್ಥವಿಲ್ಲದ ಸಹಾಯಕ ಕ್ರಿಯಾಪದವೂ ಸೇರಿಕೊಂಡಿವೆ. ಕಲಿಯುವವರ ತೊಡಕುಗಳಲ್ಲಿ ಹಲವು ಹುಟ್ಟುವುದು ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ.

ಹಳೆಯ ಇಂಗ್ಲಿಷಿನಲ್ಲಿ ‘ಡೋನ್’ ಎಂಬ ರೂಪದಲ್ಲಿದ್ದ ಈ ಪದದ ಮೂಲಾರ್ಥ ‘ಇಡು’, ‘ಇರಿಸು’ ಎಂದಾಗಿತ್ತು. ಇಂಡೋ-ಯುರೋಪಿಯನ್ ಭಾಷೆಗಳ ತೌಲನಿಕ ಅಧ್ಯಯನದ ಪ್ರಕಾರ ಇದು ಸಂಸ್ಕೃತದ ‘ಧಾ’ ಧಾತುವಿಗೆ ಸಮಾನಮೂಲದ ಪದ. ಕನ್ನಡಕ್ಕೆ ಬಂದಿರುವ ನಿಧಿ, ವಿಧಿ, ವಿಧಾನ, ಸಂಧಿ ಮುಂತಾದ ಪದಗಳು ಅದೇ ಧಾತುವಿನಿಂದ ಹುಟ್ಟಿದವು. ಬಟ್ಟೆ ತೊಡುವುದಕ್ಕೆ ‘ಡಾನ್’, ಟೋಪಿ ತೆಗೆಯುವುದಕ್ಕೆ ‘ಡಾಫ್’ ಎನ್ನುವ ಇಂಗ್ಲಿಷ್ ಪದಗಳು ‘ಡೂ ಆನ್’, ‘ಡೂ ಆಫ್’ ಎಂಬುವುಗಳ ಕುಗ್ಗಿದ ರೂಪಗಳಾಗಿದ್ದು, ‘ಇಡು’ ಎಂಬ ಹಳೆಯ ಅರ್ಥವನ್ನು ಇಂದಿಗೂ ಉಳಿಸಿಕೊಂಡಿವೆ.

ಪ್ರಧಾನ ಕ್ರಿಯಾಪದವಾಗಿ ಬಂದಾಗ ‘ಡೂ’ ತನ್ನ ಅರ್ಥವನ್ನು ಬಹುಮಟ್ಟಿಗೆ ಕರ್ಮಪದದಿಂದಲೋ ಸಂದರ್ಭದಿಂದಲೋ ಪಡೆಯುತ್ತದೆ. ‘ಡೂ ದ ಡಿಶಸ್’ ಎಂದರೆ ಪಾತ್ರೆ ತೊಳೆಯುವುದು, ಕೂದಲಿನ ಮಾತು ಬಂದರೆ ತಲೆ ಬಾಚಿ ಸಿಂಗರಿಸುವುದು, ‘ದಟ್ ವಿಲ್ ಡೂ’ ಎಂದರೆ ಅಷ್ಟು ಸಾಕು. ಕನ್ನಡಿಗರಿಗೆ ಇಲ್ಲಿ ಎದುರಾಗುವ ಕಷ್ಟವೆಂದರೆ, ‘ಡೂ’ ಮತ್ತು ‘ಮೇಕ್’ ಎರಡಕ್ಕೂ ಕನ್ನಡದಲ್ಲಿ ‘ಮಾಡು’ ಒಂದೇ ಸಾಲುವುದು. ಅಡುಗೆ, ಮನೆಪಾಠ, ತಪ್ಪು, ಗಲಾಟೆ ಎಲ್ಲವನ್ನೂ ಕನ್ನಡಿಗರು ‘ಮಾಡುತ್ತಾರೆ’. ಇಂಗ್ಲಿಷ್ ಮಾತ್ರ ಸಾಮಾನ್ಯವಾಗಿ ಕೆಲಸದಲ್ಲಿ ತೊಡಗುವುದಕ್ಕೆ ‘ಡೂ’ ಎಂದೂ, ಕೆಲಸದ ಫಲವಾಗಿ ಏನಾದರೂ ಹುಟ್ಟಿಬರುವುದಕ್ಕೆ ‘ಮೇಕ್’ ಎಂದೂ ಭೇದ ಮಾಡುತ್ತದೆ. ಹಾಗಾಗಿ ಹೋಮ್‌ವರ್ಕ್‌ಗೆ ‘ಡೂ’, ಚಹಾಕ್ಕೆ ‘ಮೇಕ್’. ತಪ್ಪಿಗೂ ಗಲಾಟೆಗೂ ‘ಮೇಕ್’ ಎನ್ನುವಂಥ ಬಳಕೆಗಳು ರೂಢಿಯಿಂದ ಗಟ್ಟಿಯಾದವು. ಅವುಗಳನ್ನು ನಿಯಮದಿಂದ ಊಹಿಸುವುದಕ್ಕಿಂತ ಜೋಡಿಪದಗಳಾಗಿ ನೆನಪಿಡುವುದೇ ಮೇಲು.

ಸಹಾಯಕ ‘ಡೂ’ ಇಂಗ್ಲಿಷಿನಲ್ಲಿ ಮೊದಲಿನಿಂದ ಇದ್ದುದಲ್ಲ. ಹಿಂದೆ ಕ್ರಿಯಾಪದವನ್ನೇ ವಾಕ್ಯದ ಮೊದಲಿಗೆ ತಂದು ‘ನೋ ಯೂ?’ ಎಂದು ಪ್ರಶ್ನೆ ಕೇಳಬಹುದಿತ್ತು, ‘ಐ ನೋ ನಾಟ್’ ಎಂದು ನಿರಾಕರಿಸಬಹುದಿತ್ತು. 15 ಮತ್ತು 16ನೇ ಶತಮಾನಗಳಲ್ಲಿ ಪ್ರಶ್ನೆಗಳಿಗೂ ನಿಷೇಧಗಳಿಗೂ ‘ಡೂ’ ಸೇರಿಸುವ ಪದ್ಧತಿ ಬಲಗೊಂಡಿತು. ಒಂದು ಹಂತದಲ್ಲಿ ಸಾಧಾರಣ ವಾಕ್ಯಗಳಲ್ಲೂ ಅದು ಧಾರಾಳವಾಗಿ ಸೇರಿಕೊಂಡು, ಬಳಿಕ ಅಲ್ಲಿಂದ ಮಾತ್ರ ಹಿಂದೆ ಸರಿಯಿತು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಹಳೆಯ ಕ್ರಮವೂ ಹೊಸ ಕ್ರಮವೂ ಒಟ್ಟಿಗೆ ಸಿಗುತ್ತವೆ. 1700ರ ಹೊತ್ತಿಗೆ ಇಂದಿನ ವ್ಯವಸ್ಥೆ ಬಹುಪಾಲು ನೆಲೆನಿಂತಿತು. ಸ್ವೀಡನ್ನಿನ ಭಾಷಾವಿದ್ವಾಂಸ ಆಲ್ವಾರ್ ಎಲ್ಲೆಗಾರ್ಡ್ 1953ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬದಲಾವಣೆಯ ಗತಿಯನ್ನು ಹಳೆಯ ಗ್ರಂಥಗಳಲ್ಲಿನ ಪ್ರಯೋಗಗಳನ್ನು ಎಣಿಸಿ ತೋರಿಸಿತು. ಸಹಾಯಕ ‘ಡೂ’ ಹುಟ್ಟಿದ ಬಗೆಯ ಕುರಿತು ಮಾತ್ರ ಒಮ್ಮತವಿಲ್ಲ. ‘ಮಾಡಿಸು’ ಎಂಬ ಪ್ರೇರಣಾರ್ಥದ ‘ಡೂ’ ಕ್ರಮೇಣ ಅರ್ಥ ಕಳೆದುಕೊಂಡಿತೆಂದು ಕೆಲವರು ಹೇಳಿದರೆ, ನೆರೆಯ ವೆಲ್ಷ್, ಕಾರ್ನಿಷ್ ಭಾಷೆಗಳ ಪ್ರಭಾವವನ್ನು ಮತ್ತೆ ಕೆಲವರು ಕಾಣುತ್ತಾರೆ.

ಈ ಸಹಾಯಕ ಪದದ ಮುಖ್ಯ ಕೆಲಸ ಕಾಲಸೂಚನೆಯನ್ನು ಹೊರುವುದು. ‘ಹಿ ಕೇಮ್’ ಎಂಬಲ್ಲಿ ‘ಕೇಮ್’ ಭೂತಕಾಲವನ್ನು ಹೇಳುತ್ತದೆ. ‘ಡಿಡ್ ಹಿ ಕಮ್?’ ಎಂದಾಗ ಆ ಹೊಣೆ ‘ಡಿಡ್’ ಎಂಬುದಕ್ಕೆ ಹೋಗುವುದರಿಂದ ಮುಂದಿನ ಪದ ಮೂಲರೂಪಕ್ಕೆ ಮರಳುತ್ತದೆ. ‘ಡಿಡ್ ಯೂ ವೆಂಟ್?’ ಎಂಬ ಪ್ರಯೋಗ ತಪ್ಪಾಗುವುದು ಅದು ಒಂದೇ ಕಾಲವನ್ನು ಎರಡು ಬಾರಿ ಸೂಚಿಸುವುದರಿಂದ. ಕನ್ನಡದ ಪ್ರಶ್ನೆಗೆ ಇಂಥ ಊರುಗೋಲು ಬೇಡ. ‘ಬಂದನು’ ಎಂಬುದು ‘ಬಂದನೇ?’ ಆದಾಗಲೂ ಕಾಲಪ್ರತ್ಯಯ ಮೂಲಪದದಲ್ಲೇ ಉಳಿಯುತ್ತದೆ. ಆದರೆ ನಿಷೇಧದಲ್ಲಿ ಕನ್ನಡವೂ ಇಂಗ್ಲಿಷಿಗೆ ಹತ್ತಿರವಾಗುತ್ತದೆ: ‘ಬರಲಿಲ್ಲ’ ಎಂಬಲ್ಲಿ ‘ಬಂದ’ ಎಂಬ ಭೂತರೂಪ ಮಾಯವಾಗಿ, ‘ಬರಲ್’ ಎಂಬ ಕಾಲವಿಲ್ಲದ ರೂಪಕ್ಕೆ ‘ಇಲ್ಲ’ ಸೇರುತ್ತದೆ. ಇದನ್ನು ಗಮನಿಸಿದ ಕನ್ನಡಿಗನಿಗೆ ‘ಡಿಡ್ ನಾಟ್ ಕಮ್’ ಎಂಬ ರಚನೆ ವಿಚಿತ್ರವೆನಿಸದು.

ಒತ್ತಿ ಹೇಳುವಾಗಲೂ ‘ಡೂ’ ನೆರವಿಗೆ ಬರುತ್ತದೆ. ಕನ್ನಡ ‘ಬಂದೇ ಬಂದನು’ ಎನ್ನುವಂಥ ಕಡೆ ಇಂಗ್ಲಿಷ್ ‘ಹಿ ಡಿಡ್ ಕಮ್’ ಎನ್ನುತ್ತದೆ. ‘ಕ್ಯಾನ್’, ‘ವಿಲ್’, ‘ಇಸ್’ ಮುಂತಾದವು ತಾವೇ ಪ್ರಶ್ನೆಯನ್ನೂ ನಿಷೇಧವನ್ನೂ ನಿರ್ವಹಿಸಬಲ್ಲವಾದ್ದರಿಂದ ಅವುಗಳೊಡನೆ ‘ಡೂ’ ಬೇಕಿಲ್ಲ. ‘ಡೋಂಟ್ ಬಿ ಲೇಟ್’ ಎಂಬಂಥ ಆಜ್ಞಾವಾಕ್ಯ ಇದಕ್ಕೆ ಅಪವಾದ.

ಎರಡೂ ‘ಡೂ’ಗಳನ್ನು ಗುರುತಿಸಲು, ಉದ್ಯೋಗವನ್ನು ವಿಚಾರಿಸುವ ‘ವಾಟ್ ಡೂ ಯೂ ಡೂ?’ ಎಂಬ ಪ್ರಶ್ನೆಯೊಂದೇ ಸಾಕು. ಅದನ್ನು ಭೂತಕಾಲಕ್ಕೆ ತಿರುಗಿಸಿದರೆ ‘ವಾಟ್ ಡಿಡ್ ಯೂ ಡೂ?’ ಆಗುತ್ತದೆ: ಬದಲಾಗುವ ಮೊದಲನೆಯದು ವ್ಯಾಕರಣದ ಹೊರೆ ಹೊರುವ ಸಹಾಯಕ, ಬದಲಾಗದೆ ನಿಲ್ಲುವ ಎರಡನೆಯದು ‘ಮಾಡು’ ಎಂಬ ಅರ್ಥವುಳ್ಳ ಪ್ರಧಾನ ಪದ.