ಅಮ್ಮನ ಏಕಾದಶಿ

ಎಪ್ಪತ್ತೆಂಟು ವರ್ಷದ ನನ್ನ ತಾಯಿಯ ಸಕ್ಕರೆ ಕಾಯಿಲೆಗೆ ನಾನೊಂದು ಲೆಕ್ಕದ ಪುಸ್ತಕ ಇಟ್ಟಿದ್ದೆ. ಮೂವತ್ತು ವರ್ಷ ಮಕ್ಕಳ ಅಂಕಪಟ್ಟಿ ಬರೆದ ಕೈ. ಅಂಕಿ ಇಳಿದಷ್ಟೂ ಅಮ್ಮ ಉತ್ತೀರ್ಣಳಾದಳೆಂದು ಹಿಗ್ಗುತ್ತಿದ್ದೆ. ಇಳಿಯುವುದಕ್ಕೂ ಒಂದು ಮಿತಿಯುಂಟೆಂಬುದು ಹೊಳೆದಿರಲಿಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ಅಮ್ಮ ದೇವರ ಮನೆಯಲ್ಲಿ ಕುಳಿತು, ಎಂದೋ ತೀರಿಹೋದ ನನ್ನ ಸೋದರಮಾವನ ಹೆಸರು ಹಿಡಿದು ನನ್ನನ್ನು ಕರೆದಳು. ಹಣೆ ಬೆವೆತಿತ್ತು. ವಯಸ್ಸಿನ ಮರವೆಂದು ಬಗೆದು ಗದರಿಕೊಂಡೆನೆಂದು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ವಾರಕ್ಕೆರಡು ಬಾರಿ ಮನೆಗೆ ಬರುವ ದಾದಿ ಆ ಹೊತ್ತಿಗೆ ಬಂದುದು ನಮ್ಮ ಪುಣ್ಯ. ಮಂಗಳೂರಿನ ಕಡೆಯ ಕ್ರೈಸ್ತ ಹೆಣ್ಣುಮಗಳು. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 52. 70ಕ್ಕಿಂತ ಕೆಳಗಿಳಿದರೇ ಅಪಾಯ. ನುಂಗುವಷ್ಟು ಎಚ್ಚರವಿದ್ದುದರಿಂದ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಕಾಲುಗಂಟೆ ಕಾದು ಮತ್ತೆ ಪರೀಕ್ಷಿಸಿದಳು. ಅಮ್ಮನಿಗೆ ನನ್ನ ಹೆಸರು ನೆನಪಾಯಿತು. ಆಮೇಲೆ ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಇವತ್ತು ಏಕಾದಶಿಯಲ್ಲವೇ, ಸಾರ್?”

ನನ್ನ ಪುಸ್ತಕದಲ್ಲಿ ತಾರೀಕಿತ್ತು, ತಿಥಿ ಇರಲಿಲ್ಲ. ಅಮ್ಮ ನಿರಾಹಾರವಿದ್ದು, ಸಕ್ಕರೆ ಇಳಿಸುವ ಮಾತ್ರೆಯನ್ನು ಮಾತ್ರ ನಿಷ್ಠೆಯಿಂದ ನುಂಗಿದ್ದಳು. ವೃದ್ಧರಲ್ಲಿ ಸಕ್ಕರೆ ಕುಸಿದಾಗ ಕೈನಡುಕ ಕಾಣದೆ ಬರಿಯ ಮಂಪರಾಗಿ, ಗಲಿಬಿಲಿಯಾಗಿ ತೋರುವುದುಂಟು. ಆದಕಾರಣ, ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಪರೀಕ್ಷೆಯಲ್ಲಿ ಬಳಲಿದ ವೃದ್ಧರಿಗೆ ಶೇಕಡಾ 7ರ ಕಟ್ಟುಪಾಡು ಬೇಡ, 8ರ ಆಸುಪಾಸಿನಲ್ಲಿದ್ದರೂ ಸಾಕೆಂದು ಇಂದಿನ ವೈದ್ಯಶಾಸ್ತ್ರವೇ ಸಡಿಲ ಬಿಟ್ಟಿದೆ.

ಉಪವಾಸ ಬಿಡಿರೆಂದು ದಾದಿ ಹೇಳಲಿಲ್ಲ. (ಹೇಳಿದ್ದರೆ ಅಮ್ಮ ಆಕೆಯನ್ನೇ ಬಿಡುತ್ತಿದ್ದಳು!) ವೈದ್ಯರನ್ನು ಕೇಳಿ ಆ ದಿನದ ಮಾತ್ರೆಯನ್ನು ಬದಲಿಸಿದಳು, ಅಮ್ಮನೊಡನೆ ಚರ್ಚಿಸಿ ಹಾಲು-ಹಣ್ಣಿಗೆ ಒಪ್ಪಿಸಿದಳು, ಪಂಚಾಂಗ ತರಿಸಿ ವರ್ಷದ ಏಕಾದಶಿಗಳನ್ನೆಲ್ಲ ನನ್ನ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಗುರುತಿಸಿದಳು.

ಇನ್ನು ಪಾದಗಳ ಸಂಗತಿ. ದೇವಸ್ಥಾನದಲ್ಲಿ ಬರಿಗಾಲಿನ ಪ್ರದಕ್ಷಿಣೆ ಅಮ್ಮನ ನಿತ್ಯನೇಮ. ಅಂಗಾಲಿಗೋ ಸ್ಪರ್ಶಜ್ಞಾನ ಕುಂದಿದೆ, ಕಾದ ಕಲ್ಲೂ ತಿಳಿಯದು. ದಾದಿ ಬಂದಾಗಲೆಲ್ಲ ನೆಲದ ಮೇಲೆ ಕುಳಿತು, ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದು ಸಂದನ್ನೂ ನೋಡುತ್ತಾಳೆ. ಒಮ್ಮೆ ಹಿಮ್ಮಡಿಯಲ್ಲಿ, ಅಮ್ಮನಿಗೆ ಗೊತ್ತೇ ಆಗದಿದ್ದ ಬೊಬ್ಬೆಯೊಂದು ಸಿಕ್ಕಿತು. ಹುಣ್ಣಾಗಿ ಕೊಳೆತಿದ್ದರೆ ಕಾಲನ್ನೇ ಕಳೆದುಕೊಳ್ಳಬೇಕಾಗುತ್ತಿತ್ತೇನೋ.

ಉಳಿದ ದಿನಗಳಲ್ಲಿ ಆ ಕೆಲಸ ನನ್ನದು. ಮೊದಲ ದಿನ ಅಮ್ಮ ಕಾಲು ಸೆಳೆದುಕೊಂಡಳು: “ಮಗನಾದವನು ನಮಸ್ಕಾರಕ್ಕೆ ಕಾಲು ಮುಟ್ಟಬೇಕಪ್ಪ, ಇದೇನಿದು?” ಈಗ ಸಂಜೆ ದೀಪ ಹಚ್ಚಿದ ಮೇಲೆ ತಾನಾಗಿಯೇ ಕಾಲು ಚಾಚಿ ಕುಳಿತು, “ನಿನ್ನ ಕನ್ನಡಕ ಎಲ್ಲೋ?” ಎನ್ನುತ್ತಾಳೆ.