ಮಗಳು ಬೇಗ ದೊಡ್ಡವಳಾದರೆ ತಪ್ಪು ಯಾರದು?

ಎಂಟು ವರ್ಷದ ಮಗಳಿಗೆ ತಲೆಗೆ ನೀರು ಹಾಕುತ್ತಿದ್ದೀರಿ. 'ಅಮ್ಮಾ, ಇಲ್ಲಿ ಮುಟ್ಟಬೇಡ, ನೋವಾಗುತ್ತೆ' ಅಂತಾಳೆ. ನೋಡಿದರೆ ಎದೆಯ ಒಂದು ಕಡೆ ಸಣ್ಣ ಅಡಿಕೆಯಷ್ಟು ಗಂಟು. ನಿಮ್ಮ ಎದೆ ಧಸಕ್ಕೆನ್ನುತ್ತದೆ. ಇನ್ನೂ ಮೂರನೇ ಕ್ಲಾಸು, ಹಾಲುಹಲ್ಲೇ ಪೂರ್ತಿ ಬಿದ್ದಿಲ್ಲ, ಆಗಲೇ ಇದೇನು?

ನನಗೆ ಪರಿಚಯದ ಒಬ್ಬ ತಾಯಿಗೆ ಹೀಗೇ ಆಯಿತು. ಮಗಳಿಗೆ ಎಂಟೂವರೆ. ಅತ್ತೆ 'ಕೋಳಿ ತಿನ್ನಿಸಿ ತಿನ್ನಿಸಿ ಹೀಗಾಯ್ತು' ಅಂದರು. ಪಕ್ಕದ ಮನೆಯವರು 'ಪ್ಯಾಕೆಟ್ ಹಾಲು ನಿಲ್ಲಿಸಿ, ಅದರಲ್ಲಿ ಇಂಜೆಕ್ಷನ್ ಇರುತ್ತೆ' ಅಂದರು. ಎಳ್ಳು, ಪಪ್ಪಾಯಿ ಉಷ್ಣ ಅಂತ ಇನ್ಯಾರೋ ಹೇಳಿದರು. ಪಾಪ, ಆಕೆ ಎಲ್ಲವನ್ನೂ ಕೇಳಿ ನಾಲ್ಕು ತಿಂಗಳು ಮಗುವಿಗೆ ಹಾಲು, ಮೊಟ್ಟೆ, ಕೋಳಿ ಎಲ್ಲ ಬಂದ್ ಮಾಡಿದ್ದರು. ತಮ್ಮನ ತಟ್ಟೆಯಲ್ಲಿ ಮೊಟ್ಟೆ, ಅಕ್ಕನ ತಟ್ಟೆಯಲ್ಲಿ ಬರೀ ಅನ್ನ-ಸಾರು. ಡಾಕ್ಟರ ಹತ್ತಿರ ಮಾತ್ರ ಹೋಗಿರಲಿಲ್ಲ. 'ನಾಚಿಕೆ ಕಣ್ರೀ, ಏನಂತ ಹೇಳೋದು?' ಅಂದರು.

ಮೊದಲು ಇಷ್ಟು ತಿಳಿದುಕೊಳ್ಳಿ. ಹೆಣ್ಣುಮಕ್ಕಳಲ್ಲಿ ಪ್ರೌಢಾವಸ್ಥೆಯ ಮೊದಲ ಗುರುತು ಮುಟ್ಟಲ್ಲ, ಎದೆ ಮೊಗ್ಗೊಡೆಯುವುದು. ಅದು 8ರಿಂದ 13 ವರ್ಷದೊಳಗೆ ಯಾವಾಗ ಶುರುವಾದರೂ ಸಹಜವೇ. ಒಂದೇ ಕಡೆ ಮೊದಲು ಕಾಣಿಸಿಕೊಳ್ಳುವುದು, ನೋಯುವುದು ಕೂಡ ಮಾಮೂಲು. ಮುಟ್ಟು ಬರುವುದು ಸಾಮಾನ್ಯವಾಗಿ ಇದಾದ ಎರಡು-ಎರಡೂವರೆ ವರ್ಷಕ್ಕೆ. 8 ತುಂಬುವ ಮೊದಲೇ ಎದೆ ಬೆಳೆಯತೊಡಗಿದರೆ ಮಾತ್ರ ಅದನ್ನು ಅಕಾಲ ಪ್ರೌಢಾವಸ್ಥೆ ಎಂದು ವೈದ್ಯರು ಪರಿಗಣಿಸುತ್ತಾರೆ.

ಬೀರುವಿನ ಬೀಗ

ಹಾಗಾದರೆ ಒಬ್ಬಳಿಗೆ ಎಂಟಕ್ಕೆ, ಇನ್ನೊಬ್ಬಳಿಗೆ ಹನ್ನೆರಡಕ್ಕೆ ಯಾಕೆ? ಮೆದುಳಿನ ತಳಭಾಗದಲ್ಲಿ ಹೈಪೊಥಲಮಸ್ ಎಂಬ ಪುಟ್ಟ ಜಾಗವಿದೆ. ಅಲ್ಲಿ ಕಿಸ್‌ಪೆಪ್ಟಿನ್ ಎಂಬ ರಾಸಾಯನಿಕ ಹೆಚ್ಚಾದಾಗ ಪ್ರೌಢಾವಸ್ಥೆಯ ಗಡಿಯಾರ ಓಡತೊಡಗುತ್ತದೆ. (ಇದರ ಜೀನ್ ಸಿಕ್ಕಿದ್ದು ಅಮೆರಿಕದ ಹರ್ಷೀ ಎಂಬ ಊರಿನಲ್ಲಿ; ಅಲ್ಲಿ ತಯಾರಾಗುವ 'ಕಿಸಸ್' ಚಾಕೊಲೇಟಿನ ನೆನಪಿಗೆ ಈ ಹೆಸರು!) ಕಿಸ್‌ಪೆಪ್ಟಿನ್ ತಯಾರಿಸುವ ಜೀನ್ ಹುಟ್ಟಿದ ದಿನದಿಂದಲೇ ಮಗುವಿನಲ್ಲಿ ಇರುತ್ತದೆ. ಆದರೆ ಅದಕ್ಕೆ ಬೀಗ ಬಿದ್ದಿರುತ್ತದೆ.

ನಿಮ್ಮ ಬೀರುವನ್ನೇ ನೋಡಿ. ದಿನಾ ಉಡುವ ಸೀರೆ ಕೈಗೆ ಸಿಗುವಂತಿರುತ್ತದೆ. ಮದುವೆಯ ರೇಷ್ಮೆ ಸೀರೆ ಬಟ್ಟೆಯಲ್ಲಿ ಸುತ್ತಿ ಲಾಕರಿನೊಳಗೆ. ಸೀರೆ ಅದೇ, ನೂಲು ಬದಲಾಗಿಲ್ಲ. ಯಾವುದು ಹೊರಗೆ, ಯಾವುದು ಒಳಗೆ ಎನ್ನುವುದಷ್ಟೇ ವ್ಯತ್ಯಾಸ. ಜೀನ್‌ಗಳೂ ಹಾಗೆ. ಡಿಎನ್‌ಎ ದಾರ ಬಿಗಿಯಾಗಿ ಸುತ್ತಿಕೊಂಡಿದ್ದರೆ ಅಲ್ಲಿನ ಜೀನ್ ಸುಮ್ಮನಿರುತ್ತದೆ, ಸಡಿಲವಾದರೆ ಕೆಲಸ ಶುರು ಮಾಡುತ್ತದೆ. ಜೀನ್ ಬದಲಾಗದೆ ಅದರ ಬೀಗ ಮಾತ್ರ ಹಾಕುವ-ತೆಗೆಯುವ ಈ ವ್ಯವಸ್ಥೆಯನ್ನು ಓದುವ ಶಾಸ್ತ್ರವೇ ಎಪಿಜೆನೆಟಿಕ್ಸ್.

ಅಮೆರಿಕದ ಆರೆಗಾನ್‌ನ ಸಂಶೋಧಕರು 2013ರಲ್ಲಿ ಹೆಣ್ಣು ಇಲಿಗಳಲ್ಲಿ ಈ ಬೀಗ ತೆರೆಯುವುದನ್ನೇ ತೋರಿಸಿದರು. ಕಿಸ್‌ಪೆಪ್ಟಿನ್ ಜೀನಿನ ಮೇಲೆ ಕೂತಿದ್ದ ಕಾವಲು ಪ್ರೋಟೀನುಗಳು ಇಲಿ ಪ್ರಾಯಕ್ಕೆ ಬರುವ ಹೊತ್ತಿಗೆ ಜಾಗ ಖಾಲಿ ಮಾಡುತ್ತವೆ. ಅವನ್ನು ಹೋಗದಂತೆ ತಡೆದರೆ ಇಲಿ ಪ್ರಾಯಕ್ಕೆ ಬರುವುದೇ ತಡ. 2018ರಲ್ಲಿ ಸ್ಪೇನ್‌ನ ಸಂಶೋಧಕರು ಇನ್ನೊಂದು ಹೆಜ್ಜೆ ಹೋದರು: ಅರೆಹೊಟ್ಟೆ ಉಂಡ ಇಲಿಮರಿಗಳಲ್ಲಿ ಬೀಗ ಹೆಚ್ಚು ಕಾಲ ಉಳಿಯಿತು, ಬೊಜ್ಜು ಬಂದವುಗಳಲ್ಲಿ ಬೇಗ ತೆರೆಯಿತು. ಅಂದರೆ ದೇಹ 'ಮನೆಯಲ್ಲಿ ದವಸ ಎಷ್ಟಿದೆ' ಅಂತ ಲೆಕ್ಕ ಹಾಕುತ್ತಿರುತ್ತದೆ.

ಮನುಷ್ಯರಲ್ಲೂ ಇದರ ನೆರಳು ಕಾಣುತ್ತದೆ. 19ನೇ ಶತಮಾನದ ಮಧ್ಯದಲ್ಲಿ ನಾರ್ವೆಯಂಥ ದೇಶಗಳಲ್ಲಿ ಹುಡುಗಿಯರು ಮೈನೆರೆಯುತ್ತಿದ್ದುದು 16-17ಕ್ಕೆ. ನೂರು ವರ್ಷದಲ್ಲಿ ಅದು 13ರ ಆಸುಪಾಸಿಗೆ ಇಳಿಯಿತು. ನೂರು ವರ್ಷದಲ್ಲಿ ಜೀನ್‌ಗಳು ಇಷ್ಟು ಬದಲಾಗುವುದಿಲ್ಲ. ಬದಲಾಗಿದ್ದು ಊಟ, ಆರೋಗ್ಯ.

ಇನ್ನೂ ಮನ ಕಲಕುವುದು ನಮ್ಮ ದೇಶದ ಮಕ್ಕಳದೇ ಕಥೆ. ಭಾರತದಿಂದ ಸ್ವೀಡನ್ನಿಗೆ ದತ್ತು ಹೋದ ಹೆಣ್ಣುಮಕ್ಕಳನ್ನು ಅಲ್ಲಿನ ವೈದ್ಯರು ಅಧ್ಯಯನ ಮಾಡಿ 1991ರಲ್ಲಿ ಪ್ರಕಟಿಸಿದರು. ಅವರು ಮೈನೆರೆದ ಸರಾಸರಿ ವಯಸ್ಸು 11.6 ವರ್ಷ. ಸ್ವೀಡನ್ನಿನ ಹುಡುಗಿಯರಿಗಿಂತ ಒಂದು ವರ್ಷಕ್ಕೂ ಹೆಚ್ಚು ಮೊದಲು! ಹುಟ್ಟಿದ ಊರಲ್ಲಿ ಹಸಿದು ಸೊರಗಿದ್ದು, ಅಲ್ಲಿ ಹೋದ ಮೇಲೆ ಸರಸರ ಬೆಳೆದ ಮಕ್ಕಳಲ್ಲೇ ಇದು ಹೆಚ್ಚು. ಮೊದಲು ಬರ, ಆಮೇಲೆ ಒಮ್ಮೆಲೇ ಸಮೃದ್ಧಿ ಕಂಡ ದೇಹ ಗಡಿಯಾರವನ್ನು ಮುಂದಕ್ಕೆ ತಿರುಗಿಸಿಕೊಂಡಿತು ಎಂಬುದು ವಿಜ್ಞಾನಿಗಳ ಊಹೆ.

ಅಪ್ಪನ ಕಡೆಯದೂ ಇದೆ!

'ನಿನ್ನ ಹಾಗೇ ನಿನ್ನ ಮಗಳು' ಅಂತ ಸೊಸೆಯ ಕಡೆ ಬೆರಳು ತೋರಿಸುವ ಅತ್ತೆಯಂದಿರು ಇದನ್ನು ಓದಲೇಬೇಕು. 2013ರಲ್ಲೇ ಬೋಸ್ಟನ್ ಮತ್ತು ಬ್ರೆಜಿಲ್‌ನ ಸಂಶೋಧಕರು ಎಂಕೆಆರ್‌ಎನ್3 ಎಂಬ ಜೀನಿನ ದೋಷವನ್ನು ಪತ್ತೆ ಮಾಡಿದರು. ಪ್ರೌಢಾವಸ್ಥೆಗೆ ಬ್ರೇಕ್ ಹಾಕುವ ಜೀನ್ ಇದು. ಮಗುವಿಗೆ ಅಮ್ಮನಿಂದ ಬಂದ ಪ್ರತಿಗೆ ಖಾಯಂ ಬೀಗ. ಅಪ್ಪನಿಂದ ಬಂದದ್ದು ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ಈ ದೋಷ ಅಪ್ಪನಿಂದ ಬಂದರೆ ಮಾತ್ರ ಮಗು ಬೇಗ ದೊಡ್ಡದಾಗುತ್ತದೆ. ಅಪ್ಪನಿಗೆ ಅದು ತನ್ನ ಅಮ್ಮನಿಂದ ಬಂದಿದ್ದರೆ ಅವನಲ್ಲಿ ಏನೂ ಕಾಣಿಸದೆ ಮೊಮ್ಮಗಳಲ್ಲಿ ಕಾಣಿಸಿಕೊಳ್ಳಬಹುದು. ಇದು ಕೆಲವೇ ಮನೆತನಗಳ ಮಾತು, ನಿಜ. ಆದರೂ ಬೆರಳು ತೋರಿಸುವ ಮುಂಚೆ ಸ್ವಲ್ಪ ಯೋಚಿಸಬಹುದಲ್ವಾ?

ಇನ್ನು ಕೋಳಿ, ಹಾಲಿನ ವಿಷಯ. ಫಾರಂ ಕೋಳಿ ಬೇಗ ಬೆಳೆಯುವುದು ತಳಿ ಮತ್ತು ಮೇವಿನಿಂದ, ಹಾರ್ಮೋನ್ ಚುಚ್ಚಿ ಅಲ್ಲ. ಹಸುಗಳಿಗೆ ಕದ್ದು ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ ಹಸುವಿಗೆ ಹಿಂಸೆ, ಕಾನೂನಿಗೆ ವಿರುದ್ಧ. ಆದರೆ ಆ ಹಾರ್ಮೋನು ಹೊಟ್ಟೆಗೆ ಹೋದರೆ ಉಳಿದ ಪ್ರೋಟೀನಿನಂತೆ ಜೀರ್ಣವಾಗಿ ಹೋಗುತ್ತದೆ. ನೀವು ನಿಜವಾಗಿ ಗಮನಿಸಬೇಕಾದದ್ದು ಮೈತೂಕ. ಬೊಜ್ಜಿರುವ ಹೆಣ್ಣುಮಕ್ಕಳು ಬೇಗ ಪ್ರೌಢರಾಗುವುದು ಹೆಚ್ಚು. 2020ರ ಲಾಕ್‌ಡೌನ್ ನಂತರ ಇಟಲಿಯಲ್ಲಿ, ನಮ್ಮ ಪುಣೆಯಲ್ಲಿ ಕೂಡ ಅಕಾಲ ಪ್ರೌಢಾವಸ್ಥೆಯ ಮಕ್ಕಳು ಹೆಚ್ಚಾಗಿ ಬಂದರು ಎಂದು ವೈದ್ಯರು ವರದಿ ಮಾಡಿದ್ದಾರೆ. ಆಟವಿಲ್ಲ, ಸದಾ ಮೊಬೈಲು, ಕೂತಲ್ಲೇ ಕುರುಕಲು. ಹಾಗಂತ ಮಗುವನ್ನು ಉಪವಾಸ ಕೆಡವಬೇಡಿ. ಚಿಪ್ಸು, ಕೂಲ್‌ಡ್ರಿಂಕ್ಸು ಕಡಿಮೆ ಮಾಡಿ, ಸಂಜೆ ಒಂದು ಗಂಟೆ ಬೀದಿಯಲ್ಲಿ ಬೆವರು ಬರುವಂತೆ ಆಡಲಿ. ಮೊಟ್ಟೆ, ಹಾಲು, ಬೇಳೆ ಬೇಕೇ ಬೇಕು.

8ಕ್ಕೆ ಮೊದಲೇ ಎದೆ ಬೆಳೆದರೆ, ಒಂದೇ ವರ್ಷದಲ್ಲಿ ಫ್ರಾಕುಗಳೆಲ್ಲ ಗಿಡ್ಡವಾಗುವಷ್ಟು ಎತ್ತರವಾದರೆ, ಆರೇ ತಿಂಗಳಲ್ಲಿ ಎದೆ ಬೇಗ ಬೇಗ ಬೆಳೆದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಶಾಲೆಯಲ್ಲಿ ಬರೆದಿಟ್ಟ ಎತ್ತರ-ತೂಕದ ಲೆಕ್ಕ ಇದ್ದರೆ ಒಯ್ಯಿರಿ, ಬಹಳ ಉಪಯೋಗ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ, ರಕ್ತದಲ್ಲಿ ಹಾರ್ಮೋನು ನೋಡುತ್ತಾರೆ. ಮೂಳೆ ಬೇಗ ಬಲಿತರೆ ಮಗು ಈಗ ಎಲ್ಲರಿಗಿಂತ ಎತ್ತರ ಕಂಡರೂ ಕೊನೆಗೆ ಗಿಡ್ಡವಾಗಿ ಉಳಿಯುತ್ತದೆ. ಅಗತ್ಯವಿದ್ದರೆ ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್. ಅದು ಗಡಿಯಾರವನ್ನು ನಿಲ್ಲಿಸುತ್ತದೆ, ಬಿಟ್ಟ ಮೇಲೆ ಮತ್ತೆ ಓಡುತ್ತದೆ. ಎಲ್ಲರಿಗೂ ಬೇಕಾಗುವುದಿಲ್ಲ. ಗಂಡುಮಕ್ಕಳಲ್ಲಿ 9ಕ್ಕೆ ಮೊದಲೇ ಪ್ರಾಯದ ಗುರುತು ಕಂಡರೆ ತಡ ಮಾಡಲೇಬೇಡಿ. ಅವರಲ್ಲಿ ಒಳಗಿನ ಬೇರೆ ಕಾಯಿಲೆ ಇರುವ ಸಂಭವ ಹೆಚ್ಚು.

ಮಗಳಿಗೆ ಏನು ಹೇಳೋದು ಅಂತೀರಾ? ಇದ್ದದ್ದನ್ನೇ ಹೇಳಿ. 'ನಿನ್ನ ಮೈ ಸ್ವಲ್ಪ ಅವಸರ ಮಾಡ್ತಿದೆ, ನೀನೇನೂ ತಪ್ಪು ಮಾಡಿಲ್ಲ' ಅನ್ನಿ. ಮೈ ಬೆಳೆದರೂ ಅವಳ ಮನಸ್ಸಿಗೆ ಇನ್ನೂ ಎಂಟೇ. ಕುಂಟೆಬಿಲ್ಲೆ ಬಿಡಿಸಿ 'ದೊಡ್ಡವಳ ಹಾಗಿರು' ಅನ್ನಬೇಡಿ. ಮುಂದೆ ಒಸಗೆ, ಆರತಿ ಅಂತ ನೆಂಟರನ್ನೆಲ್ಲ ಕರೆಯುವ ಮುಂಚೆ ಅವಳನ್ನು ಒಂದು ಮಾತು ಕೇಳಿ.

ಆ ತಾಯಿ ಕೊನೆಗೂ ಮಗಳನ್ನು ಕರೆದುಕೊಂಡು ಹೋದರು. ಮೂಳೆಯ ವಯಸ್ಸು ಒಂದು ವರ್ಷ ಮುಂದಿತ್ತು ಅಷ್ಟೇ. ಔಷಧ ಬೇಡ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಅಂದರಂತೆ. ಅಮ್ಮ ಏನೇನೋ ಪ್ರಶ್ನೆ ಕೇಳಿ ಮುಗಿಸಿದ ಮೇಲೆ ಡಾಕ್ಟರು ಮಗುವಿನ ಕಡೆ ತಿರುಗಿ 'ನಿಂಗೇನಾದ್ರೂ ಕೇಳೋದಿದೆಯಾ ಪುಟ್ಟಿ?' ಅಂದರಂತೆ.

'ನಾಳೆಯಿಂದ ನಾನೂ ಮೊಟ್ಟೆ ತಿನ್ಬಹುದಾ?'